ನಂಜಿಗೆ ಬದನೆಕಾಯಿ ಕಾರಣ ಅಲ್ಲ

ಲ್ಯಾಪ್ರೋಸ್ಕೋಪಿ ಆಗಿ ತಿಂಗಳಾದ ಮೇಲೆ ಹೊಕ್ಕುಳ ಹತ್ತಿರದ ಗಾಯ ಗಂಟುಕಟ್ಟಿ ಕೀವು ಸೋರಿದರೆ, ಬೈಲಹೊಂಗಲ, ಕಿತ್ತೂರು, ಸವದತ್ತಿ, ರಾಮದುರ್ಗದ ಕಡೆ ಬೈಸಿಕೊಳ್ಳೋದು ಆ ಹೆಣ್ಣುಮಗಳೇ: ‘ಬದನೆಕಾಯಿ ತಿಂದಿರಬೇಕು, ನಂಜಾಗೇತಿ.’ ನಾನು ಹೇಳೋದಿಷ್ಟೇ: ಊಟದ ಮಾತು ಬಿಡಿ, ಉಪಕರಣ ಹೇಗೆ ತೊಳೆದರು ಕೇಳಿ.

ಮೊದಲ ವಾರದ ಸೋಂಕು ಹೆಚ್ಚಾಗಿ ಚರ್ಮದ ಬ್ಯಾಕ್ಟೀರಿಯಾದ್ದು. ಕೀವು ತೆಗೆದು ಡ್ರೆಸ್ಸಿಂಗ್ ಮಾಡಿ, ಬೇಕಿದ್ದರೆ ಆ್ಯಂಟಿಬಯೋಟಿಕ್ ಕೊಟ್ಟರೆ ವಾಸಿಯಾಗುತ್ತೆ. ತಡವಾಗಿ ಬರೋದು ಬೇರೆ. ಅದು ಕ್ಷಯದ ರೋಗಾಣುವಿನ ಬಳಗದ್ದೇ ಆದ, ನಲ್ಲಿ ನೀರಲ್ಲೂ ಬದುಕುವ ಮೈಕೋಬ್ಯಾಕ್ಟೀರಿಯಾ ಇರಬಹುದು. ಮಾಮೂಲಿ ಮಾತ್ರೆಗೂ ಟಿಬಿ ಮಾತ್ರೆಗೂ ಸಾಮಾನ್ಯವಾಗಿ ಬಗ್ಗಲ್ಲ. ಕೀವನ್ನು ಕಲ್ಚರ್‌ಗೆ ಕಳಿಸಬೇಕು. ಕ್ಲಾರಿಥ್ರೊಮೈಸಿನ್ ಜೊತೆ ಇನ್ನೊಂದು ಔಷಧ ತಿಂಗಳುಗಟ್ಟಲೆ ಬೇಕಾಗುತ್ತೆ. ಕೆಲವೊಮ್ಮೆ ಗಂಟನ್ನೇ ಕತ್ತರಿಸಿ ತೆಗೀಬೇಕು.

ತಡೆಯೋದು ಹೇಗೆ? ಉಪಕರಣ ಬಿಚ್ಚಿ, ಉಜ್ಜಿ ತೊಳೆದು, ಆಟೋಕ್ಲೇವ್ ಮಾಡಬೇಕು. ಆ ಬಿಸಿ ತಾಳದ್ದನ್ನು 2% ಗ್ಲುಟರಾಲ್ಡಿಹೈಡ್‌ನಲ್ಲಿ ಕನಿಷ್ಠ 20 ನಿಮಿಷ ಮುಳುಗಿಸಿಡಬೇಕು. ಪೂರ್ತಿ ಕ್ರಿಮಿಮುಕ್ತ ಆಗೋಕೆ 8-10 ಗಂಟೆ. ಆಮೇಲೆ ನಲ್ಲಿ ನೀರಲ್ಲಿ ತೊಳೆದರೆ ಮಾಡಿದ್ದೆಲ್ಲ ನೀರುಪಾಲು.

ಅವಸರದ ಶಿಬಿರದಲ್ಲಿ ಇದು ಆಗಲ್ಲ. ಎಂಜಿನಿಯರಿಂಗ್ ಓದಿದ ನನಗೆ ಇದು ಸರಳ ಲೆಕ್ಕ. 2014ರಲ್ಲಿ ಛತ್ತೀಸಗಡದ ಬಿಲಾಸ್‌ಪುರ ಬಳಿ ಒಂದೇ ದಿನ 83 ಮಹಿಳೆಯರಿಗೆ ಸಂತಾನಹರಣ ಆಪರೇಷನ್ ಆಯ್ತು, ಹಲವರು ಸತ್ತರು. ಕಾರಣ ಮಾತ್ರೆಯೋ ಸೋಂಕೋ, ಆ ವಾದ ಬೇರೆ. ಒಂದೇ ಉಪಕರಣವಾದರೆ, ಪ್ರತಿ ಸಲ 20 ನಿಮಿಷದಂತೆ, ಮುಳುಗಿಸಿಡೋಕೇ 27 ಗಂಟೆ ಬೇಕು! 2016ರಲ್ಲಿ ಸುಪ್ರೀಂ ಕೋರ್ಟ್, ಇಂಥ ಶಿಬಿರಗಳನ್ನು ಮೂರು ವರ್ಷದೊಳಗೆ ನಿಲ್ಲಿಸಿ ಅಂದಿತು.

ನಿಮ್ಮ ತಾಲ್ಲೂಕು ಆಸ್ಪತ್ರೆಯನ್ನು ಕೇಳಿ: ದಿನಕ್ಕೆ ಎಷ್ಟು ಆಪರೇಷನ್, ಎಷ್ಟು ಸೆಟ್ ಉಪಕರಣ? ತಿಂಗಳ ನಂತರ ಬಂದ ಕೀವು ಯಾವ ರಿಜಿಸ್ಟರ್‌ನಲ್ಲಿದೆ? ಆರ್‌ಟಿಐ ಅರ್ಜಿಗೆ 10 ರೂಪಾಯಿ ಸಾಕು.