ರಕ್ತನಾಳಕ್ಕೆ ಬರುವ ಓಲೆಗಳು

ಅಧಿಕ ರಕ್ತದೊತ್ತಡವು ಹೃದಯದ ದೋಷವೆಂದೇ ಬಹುಮಂದಿ ಭಾವಿಸುತ್ತಾರೆ. ರಕ್ತವನ್ನು ನೂಕುವುದು ಹೃದಯವೆಂಬುದೇನೋ ದಿಟ. ಆದರೆ ಅದು ಹರಿಯುವ ಹಾದಿಯ ಅಗಲವನ್ನು ನಿರ್ಧರಿಸುವುದು ಸಣ್ಣ ಅಪಧಮನಿಗಳ ಗೋಡೆಯಲ್ಲಿರುವ ಸ್ನಾಯುಕೋಶಗಳು. ನಾಳದ ವ್ಯಾಸವು ಅರ್ಧಕ್ಕಿಳಿದರೆ ಹರಿವಿಗೆ ಒದಗುವ ತಡೆ ಇಮ್ಮಡಿಯಲ್ಲ, 16 ಮಡಿಯಾಗುತ್ತದೆ. ಇಂತಹ ಕೋಶಗಳು ತಮ್ಮಷ್ಟಕ್ಕೆ ತಾವೇ ಬಿಗಿಯುವುದೂ ಉಂಟು. ಅನ್ಯ ಕೋಶಗಳು ಕಳುಹಿಸುವ ರಾಸಾಯನಿಕ ಓಲೆಗಳಿಗೂ ಅವು ವಿಧೇಯವಾಗಿವೆ.

ಈ ಓಲೆಗಳ ಸುಳಿವು ದೊರೆತದ್ದು 1898ರಲ್ಲಿ. ಸ್ಟಾಕ್‌ಹೋಮ್ ನಗರದಲ್ಲಿ ಟೈಗರ್‌ಸ್ಟೆಟ್ ಮತ್ತು ಬರ್ಗ್‌ಮನ್ ಎಂಬ ವಿಜ್ಞಾನಿಗಳು ಮೊಲದ ಮೂತ್ರಪಿಂಡದ ಸಾರವನ್ನು ಬೇರೆ ಮೊಲಗಳ ರಕ್ತಕ್ಕೆ ಸೇರಿಸಿದಾಗ ಅವುಗಳ ರಕ್ತದೊತ್ತಡ ಏರಿತು. ಆ ವಸ್ತುವಿಗೆ ಅವರು ರೆನಿನ್ ಎಂದು ಹೆಸರಿಟ್ಟರು. ಲೋಕವು ಅದನ್ನು ಬಹುಕಾಲ ಮರೆತೇಬಿಟ್ಟಿತು. 1934ರಲ್ಲಿ ಅಮೆರಿಕದ ಹ್ಯಾರಿ ಗೋಲ್ಡ್‌ಬ್ಲಾಟ್ ಅವರು ನಾಯಿಯ ಮೂತ್ರಪಿಂಡಕ್ಕೆ ಹೋಗುವ ಅಪಧಮನಿಯನ್ನು ಪುಟ್ಟ ಇಕ್ಕಳದಿಂದ ಬಿಗಿದರು. ತನಗೆ ಬರುವ ರಕ್ತ ಕುಗ್ಗಿದುದನ್ನು ಕಂಡ ಮೂತ್ರಪಿಂಡವು ಇಡೀ ದೇಹದಲ್ಲೇ ರಕ್ತ ಕಡಿಮೆಯಾಯಿತೆಂಬಂತೆ ವರ್ತಿಸಿತು. ಒತ್ತಡ ಏರಿಯೇ ಉಳಿಯಿತು. ಓಲೆ ಕಳುಹಿಸಿದವನ ಪ್ರಾಮಾಣಿಕತೆಯಲ್ಲಿ ಕೊರತೆಯಿರಲಿಲ್ಲ, ತಿಳಿವಳಿಕೆಯಲ್ಲಿತ್ತು.

ರೆನಿನ್ ತಾನೇ ನಾಳವನ್ನು ಬಿಗಿಯುವುದಿಲ್ಲ. ಯಕೃತ್ತು ಒದಗಿಸುವ ಪ್ರೋಟೀನೊಂದನ್ನು ಅದು ಕತ್ತರಿಸುತ್ತದೆ. ಆ ತುಣುಕನ್ನು ಮುಖ್ಯವಾಗಿ ಶ್ವಾಸಕೋಶದ ನಾಳಗಳಲ್ಲಿರುವ ಕಿಣ್ವವೊಂದು ಮತ್ತೆ ಕತ್ತರಿಸಿದಾಗ ಆಂಜಿಯೊಟೆನ್ಸಿನ್-2 ಹುಟ್ಟುತ್ತದೆ. ಸ್ನಾಯುಕೋಶದ ಹೊರಪೊರೆಯಲ್ಲಿರುವ ಗ್ರಾಹಕಕ್ಕೆ ಅದು ಕೀಲಿಯಂತೆ ಹೊಂದಿಕೊಂಡೊಡನೆ ಕೋಶದೊಳಗೆ ಕ್ಯಾಲ್ಸಿಯಂ ಹೆಚ್ಚಿ ಸ್ನಾಯು ಸಂಕುಚಿಸುತ್ತದೆ. ಅದೇ ಓಲೆ ಅಡ್ರಿನಲ್ ಗ್ರಂಥಿಗೂ ತಲುಪಿ, ಉಪ್ಪನ್ನು ಉಳಿಸಿಕೊಳ್ಳುವಂತೆ ಮೂತ್ರಪಿಂಡವನ್ನು ಪ್ರೇರಿಸುತ್ತದೆ. ಉಪ್ಪಿನ ಬೆನ್ನಿಗೆ ನೀರೂ ಉಳಿಯುತ್ತದೆ.

ಇದಕ್ಕೆ ವಿರೋಧವಾದ ಓಲೆಯೂ ಉಂಟು. ನಾಳದ ಒಳಪದರದ ಕೋಶಗಳು ನೈಟ್ರಿಕ್ ಆಕ್ಸೈಡ್ ಎಂಬ ಅನಿಲವನ್ನು ಸೂಸುತ್ತವೆ. ಕೆಲವೇ ಸೆಕೆಂಡುಗಳ ಆಯುಸ್ಸಿನ ಈ ಅನಿಲ ಪಕ್ಕದ ಸ್ನಾಯುವನ್ನು ಸಡಿಲಿಸುತ್ತದೆ. ಧೂಮಪಾನದಿಂದಲೋ ಮಧುಮೇಹದಿಂದಲೋ ಒಳಪದರ ಕೆಟ್ಟರೆ ಸಡಿಲಿಸುವ ದನಿ ಕ್ಷೀಣಿಸಿ, ಬಿಗಿಯುವ ದನಿಯೇ ಮೇಲುಗೈಯಾಗುತ್ತದೆ. ಎಲ್ಲ ರೋಗಿಗಳಲ್ಲೂ ಕಾರಣ ಒಂದೇ ಅಲ್ಲ. ಬಹುಪಾಲು ಮಂದಿಯಲ್ಲಿ ಹಲವು ಕಾರಣಗಳು ಕೂಡಿರುತ್ತವೆ. ನೋವಿಲ್ಲದೆ ವರ್ಷಗಟ್ಟಲೆ ನಡೆಯುವ ಈ ಬಿಗಿತದಿಂದ ಹೃದಯದ ಗೋಡೆ ದಪ್ಪವಾಗುತ್ತದೆ, ಮಿದುಳಿನ ನಾಳ ಒಡೆಯಬಹುದು, ಮೊದಲ ಓಲೆ ಬರೆದ ಮೂತ್ರಪಿಂಡವೂ ಕೆಡಬಹುದು.

ಓಲೆಯನ್ನು ದಾರಿಯಲ್ಲೇ ತಡೆಯುವ ಉಪಾಯಕ್ಕೆ ಸುಳಿವಿತ್ತದ್ದು ವಿಷ! ಬ್ರೆಜಿಲ್ ದೇಶದ ಜರರಾಕ ಎಂಬ ಹಾವು ಕಚ್ಚಿದವರ ರಕ್ತದೊತ್ತಡ ಕುಸಿಯುತ್ತಿತ್ತು. ಆ ದೇಶದವರೇ ಆದ ಸರ್ಜಿಯೊ ಫೆರೇರ 1960ರ ದಶಕದಲ್ಲಿ ಅದರ ವಿಷದಿಂದ ಬೇರ್ಪಡಿಸಿದ ಅಂಶವು ಮೇಲೆ ಹೇಳಿದ ಶ್ವಾಸಕೋಶದ ಕಿಣ್ವವನ್ನು ತಡೆಯುತ್ತದೆಂದು ಮುಂದೆ ತಿಳಿದುಬಂತು. ಅದರ ಮಾದರಿಯಲ್ಲಿ ರೂಪಿಸಿದ ಕ್ಯಾಪ್ಟೊಪ್ರಿಲ್ ಗುಳಿಗೆಗೆ ಅಮೆರಿಕದಲ್ಲಿ 1981ರಲ್ಲಿ ಅನುಮತಿ ದೊರೆಯಿತು.