ಪಾದರಸದ ಮೇಲಿನ ಹಳದಿ ಹರಳುಗಳು

ಪಾದರಸದ ಮೇಲೆ ನೀರು ಬೆರೆಸಿದ ನೈಟ್ರಿಕ್ ಆಮ್ಲವನ್ನು ಸುರಿದು, ಕಾಯಿಸದೆ ಬಿಟ್ಟರೆ ಏನು ದೊರೆಯುವುದು? ಮರ್ಕ್ಯುರಸ್ ನೈಟ್ರೇಟ್ ಎಂದು ವಿದ್ಯಾರ್ಥಿಗಳು ಉತ್ತರಿಸಬಹುದು. ಕಲ್ಕತ್ತೆಯ ಪ್ರೆಸಿಡೆನ್ಸಿ ಕಾಲೇಜಿನ ಪ್ರಫುಲ್ಲಚಂದ್ರ ರಾಯರು ಪಡೆಯಲು ಹೊರಟದ್ದೂ ಅದನ್ನೇ. ಆದರೆ ಪಾತ್ರೆಯಲ್ಲಿ ಮೂಡಿದವು ಹಳದಿ ಹರಳುಗಳು!

ಇದೊಂದು ಪ್ರತ್ಯಾಮ್ಲೀಯ ಲವಣವಿರಬೇಕೆಂದು ಅವರು ಮೊದಲು ಭಾವಿಸಿದರು. ಅಷ್ಟೊಂದು ಆಮ್ಲವಿರುವೆಡೆ ಅಂಥ ಲವಣ ಹುಟ್ಟುವುದೆಂತು? ಪರೀಕ್ಷಿಸಿ ನೋಡಲಾಗಿ ಅದು ಮರ್ಕ್ಯುರಸ್ ನೈಟ್ರೈಟ್ ಎಂದು ತಿಳಿಯಿತು. ನೈಟ್ರೇಟಿನಲ್ಲಿ ಒಂದು ಸಾರಜನಕ ಪರಮಾಣುವಿಗೆ ಮೂರು ಆಮ್ಲಜನಕ ಪರಮಾಣುಗಳು, ನೈಟ್ರೈಟಿನಲ್ಲಿ ಎರಡೇ. ಪಾದರಸವನ್ನು ಕರಗಿಸುವಾಗ ನೈಟ್ರಿಕ್ ಆಮ್ಲವು ಆಮ್ಲಜನಕವನ್ನು ಕಳೆದುಕೊಂಡು ನೈಟ್ರಸ್ ಆಮ್ಲವಾಗುತ್ತದೆ. ಕಾಯಿಸಿದರೆ ಇದು ಒಡೆದುಹೋಗುವುದು. ತಂಪಿನಲ್ಲಿ ಉಳಿದು ಪಾದರಸದೊಡನೆ ಕೂಡಿತು. ಭೌತವಿಜ್ಞಾನವನ್ನು ಬೋಧಿಸುವ ನನಗೆ ಇಲ್ಲಿ ಮೆಚ್ಚುಗೆಯಾಗುವುದು ಹರಳುಗಳಿಗಿಂತ ಆ ಸಂಶಯವೇ. ಬಯಸಿದ್ದು ಬರಲಿಲ್ಲವೆಂದು ಪಾತ್ರೆಯನ್ನು ತೊಳೆದಿಡುವವರೇ ಹೆಚ್ಚು.

1896ರಲ್ಲಿ ಬಂಗಾಳದ ಏಷ್ಯಾಟಿಕ್ ಸೊಸೈಟಿಯ ಪತ್ರಿಕೆಯಲ್ಲಿ ಈ ಶೋಧ ಪ್ರಕಟವಾಯಿತು. ನೈಟ್ರೈಟುಗಳ ಅಧ್ಯಯನ ಮುಂದೆ ಅವರ ಜೀವಿತಕಾರ್ಯವೇ ಆಯಿತು.

ಎಡಿನ್‌ಬರೋದಲ್ಲಿ 1887ರಲ್ಲಿ ಡಿ.ಎಸ್‌ಸಿ. ಪಡೆದು ಮರಳಿದ್ದ ಈ ಪಂಡಿತರಿಗೆ 1889ರಲ್ಲಿ ಸರಕಾರ ಗೊತ್ತುಮಾಡಿದ ಸಂಬಳ ತಿಂಗಳಿಗೆ 250 ರೂಪಾಯಿ. ಮೇಲಿನ ದರ್ಜೆಯ ಹುದ್ದೆಗಳು ಬಹುಮಟ್ಟಿಗೆ ಆಂಗ್ಲರಿಗೇ ಮೀಸಲಾಗಿದ್ದವು. 1916ರಲ್ಲಿ ಆ ಸೇವೆಯನ್ನು ಬಿಟ್ಟು ಅವರು ಕಲ್ಕತ್ತ ವಿಶ್ವವಿದ್ಯಾನಿಲಯದ ವಿಜ್ಞಾನ ಕಾಲೇಜನ್ನು ಸೇರಿದರು. 1921ರಲ್ಲಿ ಅರವತ್ತು ತುಂಬಿದಮೇಲೆ ಸಂಬಳವನ್ನೆಲ್ಲ ವಿಶ್ವವಿದ್ಯಾನಿಲಯಕ್ಕೇ ಬಿಟ್ಟುಕೊಟ್ಟರು. ಅವಿವಾಹಿತರಾಗಿದ್ದ ಅವರು ಆ ಕಾಲೇಜಿನದೇ ಒಂದು ಕೋಣೆಯಲ್ಲಿ ಬಾಳಿ, 1944ರಲ್ಲಿ ತೀರಿಕೊಂಡರು.