ಎಳ್ಳಮಾಸಿ ರಜೆ, ಒಂದು ಮೊಬೈಲು, ಅಜ್ಜಿಯ ಪಿಂಚಣಿ

ಹೋದ ವರ್ಷ ಡಿಸೆಂಬರ್ ಕೊನೆಯ ವಾರ. ಆಫೀಸಿನಲ್ಲಿ ಉಳಿದಿದ್ದ ರಜೆಗಳನ್ನು ತೆಗೆದುಕೊಳ್ಳದಿದ್ದರೆ ವರ್ಷ ಮುಗಿದ ಕೂಡಲೇ ರದ್ದಾಗುತ್ತವೆ ಅಂತ ಮೇಲ್ ಬಂದಿತ್ತು. ಗೆಳತಿಯರೆಲ್ಲ ಗೋಕರ್ಣಕ್ಕೆ ಹೊರಟಿದ್ದರು. ನಾನೂ ಹೆಸರು ಕೊಟ್ಟಿದ್ದೆ. ಅಷ್ಟರಲ್ಲಿ ಶಹಾಪುರದಿಂದ ಸುಬೇದಾರ್ ಕಾಕಾ ಫೋನ್ ಮಾಡಿದರು. ಅಪ್ಪನ ಜೊತೆ ಸೇನೆಯಲ್ಲಿದ್ದವರು, ಈಗ ಊರಿನ ಮಾಜಿ ಸೈನಿಕರ ಸಂಘ ನೋಡಿಕೊಳ್ಳುವವರು.

“ತಂಗಿ, ಎಳ್ಳಮಾಸಿಗೆ ಬರ್ತಿಯಲ್ಲಾ? ಎರಡು ದಿನ ಸಂಘದಾಗ ಕೂಡಬೇಕವಾ. ಮೊಬೈಲ್ ಕೆಲಸ ಭಾಳ ಅದ, ನಮ್ಗ ತಿಳಿಯಂಗಿಲ್ಲ.”

ಇಲ್ಲ ಅನ್ನಲಾಗಲಿಲ್ಲ. ಅಪ್ಪ ತೀರಿಕೊಂಡು ಮೂರು ವರ್ಷವಾಗಿತ್ತು. ಆ ಹೊತ್ತಿನಲ್ಲಿ ಅವ್ವನ ಕುಟುಂಬ ಪಿಂಚಣಿಯ ಕಾಗದಗಳನ್ನು ಹಿಡಿದು ನಮ್ಮ ಮನೆಗೂ ಬ್ಯಾಂಕಿಗೂ ಓಡಾಡಿದವರು ಇದೇ ಕಾಕಾ. ಗೋಕರ್ಣದ ಗುಂಪಿಗೆ ಸಾರಿ ಹೇಳಿ, ಶುಕ್ರವಾರ ರಾತ್ರಿ ಉದ್ಯಾನ್ ಎಕ್ಸ್‌ಪ್ರೆಸ್ ಹತ್ತಿದೆ. ಬೆಳಿಗ್ಗೆ ಯಾದಗಿರಿಯಲ್ಲಿ ಇಳಿದು, ಬಸ್ಸಿನಲ್ಲಿ ಭೀಮಾ ನದಿ ದಾಟಿ, ಬುದ್ಧ ಮಲಗಿದಂತೆ ಕಾಣುವ ಬೆಟ್ಟ ಕಣ್ಣಿಗೆ ಬಿದ್ದಾಗಲೇ ನನಗೆ ಊರಿಗೆ ಬಂದೆ ಅನ್ನಿಸೋದು.

ಒಂದು ಕೋಣೆ, ಎರಡು ಬೆಂಚು

ಸಂಘ ಅಂದರೆ ದೊಡ್ಡ ಕಟ್ಟಡ ಅಂದುಕೊಳ್ಳಬೇಡಿ. ತಗಡಿನ ಮಾಡಿನ ಒಂದು ಕೋಣೆ, ಎರಡು ಬೆಂಚು, ಒಂದು ಕಬ್ಬಿಣದ ಅಲಮಾರಿ. ಗೋಡೆಯ ಮೇಲೆ ಕೊಡಗಿನ ಕಾರ್ಯಪ್ಪನವರ ಫೋಟೋ. 1949ರ ಜನವರಿ 15ರಂದು ಅವರು ಭಾರತೀಯ ಸೇನೆಯ ಮೊದಲ ಭಾರತೀಯ ದಂಡನಾಯಕರಾದರಲ್ಲ, ಆ ದಿನವೇ ಸೇನಾ ದಿನ. ಮೇಜಿನ ಮೇಲೆ ಡಿಸೆಂಬರ್ 7ರ ಧ್ವಜ ದಿನಕ್ಕೆ ಹಂಚಿ ಉಳಿದಿದ್ದ ಪುಟ್ಟ ಬಾವುಟಗಳು: ಕೆಂಪು, ಕಡುನೀಲಿ, ತಿಳಿನೀಲಿ. ಭೂಸೇನೆ, ನೌಕಾಸೇನೆ, ವಾಯುಸೇನೆಗೆ ಒಂದೊಂದು ಬಣ್ಣ. 1949ರಿಂದ ನಡೆದುಬಂದಿರುವ ದಿನ ಅದು. ಶಾಲೆಯಲ್ಲಿ ಆ ಬಾವುಟ ಅಂಗಿಗೆ ಚುಚ್ಚಿಕೊಂಡಿದ್ದು ನಿಮಗೂ ನೆನಪಿರಬಹುದು. ಅವತ್ತು ಕೊಟ್ಟ ಚಿಲ್ಲರೆ ಎಲ್ಲಿಗೆ ಹೋಗುತ್ತದೆ ಅಂತ ನಾನಂತೂ ಯಾವತ್ತೂ ಕೇಳಿರಲಿಲ್ಲ.

ಸಂಘಕ್ಕೆ ಡಿಸೆಂಬರ್ ಅಂದರೆ ಬಿಡುವಿಲ್ಲದ ತಿಂಗಳು. 7ಕ್ಕೆ ಧ್ವಜ ದಿನ, 16ಕ್ಕೆ 1971ರ ಯುದ್ಧದ ವಿಜಯ ದಿವಸ, ಆಮೇಲೆ ಎಳ್ಳಮಾಸಿ, ಜನವರಿಯಲ್ಲಿ ಸಂಕ್ರಾಂತಿ, ಅದರ ಬೆನ್ನಿಗೇ ಸೇನಾ ದಿನ. ಬೆಂಗಳೂರು, ಪುಣೆ, ಮುಂಬೈಗೆ ದುಡಿಯಲು ಹೋದ ಮಕ್ಕಳು ಊರಿಗೆ ಬರುವುದೂ ಇದೇ ಹೊತ್ತಿಗೆ. ಮಕ್ಕಳು ಬಂದರೆ ಮೊಬೈಲು ಬರುತ್ತದೆ, ಮೊಬೈಲು ಬಂದರೆ ಓಟಿಪಿ ಬರುತ್ತದೆ. ಕಾಕಾನ ಲೆಕ್ಕಾಚಾರ ಇಷ್ಟೇ.

“ಮತ್ತ ಮದುವಿ ಆಗೀಯೇನು?”

ಶನಿವಾರ ಹತ್ತು ಗಂಟೆಗೆ ಕೂತೆ. ಬಂದವರಲ್ಲಿ ಹೆಚ್ಚಿನವರು ಅಜ್ಜಿಯರು, ಮಾಜಿ ಸೈನಿಕರ ಹೆಂಡತಿಯರು. ಎಲ್ಲರ ಕೈಯಲ್ಲೂ ಪ್ಲಾಸ್ಟಿಕ್ ಚೀಲ, ಅದರೊಳಗೆ ಪಿಪಿಒ, ಪಾಸ್‌ಬುಕ್, ಆಧಾರ್, ಗಂಡನ ಒಂದು ಹಳೆಯ ಫೋಟೋ.

ಪಿಂಚಣಿ ಪಡೆಯುವವರು ವರ್ಷಕ್ಕೊಮ್ಮೆ ‘ನಾನು ಬದುಕಿದ್ದೇನೆ’ ಅಂತ ತೋರಿಸಬೇಕು. ಅದೇ ಜೀವನ ಪ್ರಮಾಣ ಪತ್ರ. ಹೆಚ್ಚಿನವರಿಗೆ ನವೆಂಬರ್ ಗಡುವು. ಮೊದಲು ಬ್ಯಾಂಕಿಗೆ ಹೋಗಿ ಮುಖ ತೋರಿಸಿ ಸಹಿ ಹಾಕಿದರೆ ಮುಗಿಯುತ್ತಿತ್ತು. 2014ರಲ್ಲಿ ಡಿಜಿಟಲ್ ಜೀವನ ಪ್ರಮಾಣ ಬಂತು. ಆಮೇಲೆ ಸೇನೆಯ ಪಿಂಚಣಿಗಳೆಲ್ಲ ‘ಸ್ಪರ್ಶ್’ ಅನ್ನುವ ಒಂದೇ ಆನ್‌ಲೈನ್ ವ್ಯವಸ್ಥೆಗೆ ಬರತೊಡಗಿದವು. ಈಗ ಮೊಬೈಲಿನ ಕ್ಯಾಮೆರಾ ಎದುರು ಕೂತು ಕಣ್ಣು ಮಿಟುಕಿಸಿದರೆ ಸಾಕು. ನಮಗೆ ಐದು ನಿಮಿಷದ ಕೆಲಸ. ಅವ್ವನದನ್ನು ನಾನು ಚಹಾ ಕುಡಿಯುತ್ತಾ ಮುಗಿಸಿದ್ದೆ.

ಇಲ್ಲಿ ಮಾತ್ರ ಮೊದಲ ಅಜ್ಜಿಗೇ ಮುಕ್ಕಾಲು ಗಂಟೆ ಹಿಡಿಯಿತು. ಓಟಿಪಿ ಹೋಗಿದ್ದು ಪುಣೆಯಲ್ಲಿ ಗೌಂಡಿ ಕೆಲಸ ಮಾಡುವ ಮಗನ ನಂಬರಿಗೆ. ಅವನು ಫೋನ್ ಎತ್ತುವಷ್ಟರಲ್ಲಿ ಓಟಿಪಿಯ ಅವಧಿ ಮುಗಿಯುತ್ತಿತ್ತು. ಇನ್ನೊಬ್ಬಾಕೆಯ ಬೆರಳ ಗೆರೆಗಳೇ ಸವೆದಿದ್ದವು, ಹತ್ತಿ ಬಿಡಿಸಿ, ಕಳೆ ಕಿತ್ತ ಕೈ. ಮತ್ತೊಬ್ಬಾಕೆಯ ಹೆಸರು ಆಧಾರ್‌ನಲ್ಲಿ ‘ಅಮ್ಮ’ ಅಂತ ಮುಗಿದರೆ ಸೇನೆಯ ದಾಖಲೆಯಲ್ಲಿ ‘ಅವ್ವ’ ಅಂತ ಇತ್ತು. ನಮ್ಮ ಬಾಯಿಗೆ ಎರಡೂ ಒಂದೇ, ಕಂಪ್ಯೂಟರಿಗೆ ಇಬ್ಬರು ಹೆಂಗಸರು.

ಫಾರ್ಮಿನಲ್ಲಿ ಮರುಮದುವೆ ಆಗಿದೆಯೇ ಅನ್ನುವ ಪ್ರಶ್ನೆಯೂ ಇದೆ. ಎಪ್ಪತ್ತೆಂಟರ ಅಜ್ಜಿಗೆ ಅದನ್ನು ಹೇಗೆ ಕೇಳಲಿ ಅಂತ ತಡವರಿಸುತ್ತಿದ್ದೆ. ಕಾಕಾ ಬಾಗಿಲಲ್ಲಿ ನಿಂತು, “ಯವ್ವಾ, ಮತ್ತ ಮದುವಿ ಆಗೀಯೇನು ಅಂತ ಸರ್ಕಾರ ಕೇಳ್ಲಾಕತ್ತದ” ಅಂದರು. ಅಜ್ಜಿ ಸೆರಗನ್ನು ಬಾಯಿಗೆ ಒತ್ತಿಕೊಂಡು ನಕ್ಕು, “ವರ ಇದ್ರ ಸರ್ಕಾರಕ್ಕ ಹುಡುಕ್ಲಿಕ್ಕ ಹೇಳಪಾ” ಅಂದಳು. ಇಡೀ ಕೋಣೆ ನಕ್ಕಿತು. ಆಕೆಯ ನವೆಂಬರ್ ಗಡುವು ದಾಟಿಹೋಗಿತ್ತು, ಆ ವಿಷಯ ಆಕೆಗೆ ಗೊತ್ತಿರಲಿಲ್ಲ. ಆ ಅಜ್ಜಿಯ ಕೆಲಸವನ್ನೂ ಮುಗಿಸಿ, ‘ಯಶಸ್ವಿ’ ಅಂತ ಬಂದ ಪರದೆ ತೋರಿಸಿ ಕಳಿಸಿದೆ. ಸಂಜೆಯೊಳಗೆ ಹದಿನಾಲ್ಕು ಜನರದ್ದು ಮುಗಿಯಿತು. ನನ್ನ ಬಗ್ಗೆ ನನಗೇ ಹೆಮ್ಮೆ ಅನ್ನಿಸಿತ್ತು.

ಟ್ರಂಕಿನಲ್ಲಿದ್ದ ಡಿಸ್ಚಾರ್ಜ್ ಬುಕ್

ಭಾನುವಾರ ಕಾಕಾನ ಬೈಕಿನಲ್ಲಿ ಸುರಪುರದ ಕಡೆ ಹೊರಟೆವು. ದಾರಿಯುದ್ದಕ್ಕೂ ಕಾಕಾ ಸುರಪುರದ ನಾಯಕರ ಕಥೆ ಹೇಳುತ್ತಿದ್ದರು, 1858ರಲ್ಲಿ ರಾಜಾ ವೆಂಕಟಪ್ಪ ನಾಯಕ ಬ್ರಿಟಿಷರ ಎದುರು ನಿಂತದ್ದು, ಅದಕ್ಕೂ ಮೊದಲು ಮೆಡೋಸ್ ಟೇಲರ್ ಇಲ್ಲಿನ ಗುಡ್ಡದ ಮೇಲೆ ಬಂಗಲೆ ಕಟ್ಟಿಸಿದ್ದು. “ಈ ಮಣ್ಣಿಗೆ ಹತಾರ ಹೊಸದಲ್ಲ ತಂಗಿ, ಕಾಗದಾನೇ ಹೊಸದು” ಅಂದರು.

ಅವತ್ತು ನಾವು ಹೋಗಿದ್ದು ನಡೆಯಲಾಗದವರ ಮನೆಗಳಿಗೆ. ಕಾಲುವೆಯ ದಂಡೆಯ ಒಂದು ಹಳ್ಳಿಯಲ್ಲಿ ಎಪ್ಪತ್ತಾರು ವರ್ಷದ ಒಬ್ಬ ಅಜ್ಜ. ಒಂಬತ್ತು ವರ್ಷ ಸೇನೆಯಲ್ಲಿದ್ದು, ಮನೆಯ ಕಷ್ಟಕ್ಕೆ ಬಿಟ್ಟು ಬಂದವರು. ಸಿಪಾಯಿಗಳಿಗೆ ಪಿಂಚಣಿ ಸಿಗಬೇಕಾದರೆ 15 ವರ್ಷದ ಸೇವೆ ಆಗಿರಬೇಕು. ಹಾಗಾಗಿ ಪಿಂಚಣಿ ಇಲ್ಲ. ಮೊನ್ನೆ ಮೊನ್ನೆಯವರೆಗೂ ಬೇರೆಯವರ ಹೊಲದಲ್ಲಿ ಕಾವಲು ಕೂತು ಹೊಟ್ಟೆ ಹೊರೆಯುತ್ತಿದ್ದರು.

ಪಿಂಚಣಿ ಇಲ್ಲದ, 65 ದಾಟಿದ, ಹವಾಲ್ದಾರ್ ದರ್ಜೆಯವರೆಗಿನ ಬಡ ಮಾಜಿ ಸೈನಿಕರಿಗೂ ಅವರ ವಿಧವೆಯರಿಗೂ ಕೇಂದ್ರೀಯ ಸೈನಿಕ ಮಂಡಳಿ ತಿಂಗಳ ನೆರವು ಕೊಡುತ್ತದೆ. ಆಗ ಅದು 4,000 ರೂಪಾಯಿ ಇತ್ತು. 2025ರ ನವೆಂಬರ್ 1ರಿಂದ 8,000ಕ್ಕೆ ಏರಿಸಿದ್ದಾರೆ. ಆ ಹಣ ಬರುವುದು ಧ್ವಜ ದಿನದ ನಿಧಿಯಿಂದ. ನಾವು ಶಾಲೆಯಲ್ಲಿ ಡಬ್ಬಿಗೆ ಹಾಕಿದ ಚಿಲ್ಲರೆ ಹೋಗುತ್ತಿದ್ದದ್ದು ಇಂಥ ಕಡೆಗೆ.

ಅಜ್ಜನಿಗೆ ಇದು ಗೊತ್ತೇ ಇರಲಿಲ್ಲ. 65 ತುಂಬಿ ಹನ್ನೊಂದು ವರ್ಷ ಕಳೆದಿತ್ತು. ನಾನು ಮನಸ್ಸಿನಲ್ಲೇ ಗುಣಿಸಿ, ಬಂದ ಮೊತ್ತ ಬಾಯಿಬಿಟ್ಟು ಹೇಳಲಿಲ್ಲ. ಅವರು ಟ್ರಂಕಿನ ತಳದಿಂದ ಡಿಸ್ಚಾರ್ಜ್ ಬುಕ್ ತೆಗೆದರು. ಅಂಚುಗಳನ್ನು ಹುಳ ತಿಂದಿದ್ದರೂ ನಂಬರು, ಹೆಸರು, ತಾರೀಖು ಚೆನ್ನಾಗಿ ಕಾಣುತ್ತಿದ್ದವು. ಸೇವಾ ನಂಬರು ಓದಲು ಕನ್ನಡಕ ಹುಡುಕುತ್ತಿದ್ದ ಕಾಕಾನಿಗೆ ಅಜ್ಜ ಮಲಗಿದಲ್ಲಿಂದಲೇ ಅಷ್ಟೂ ಅಂಕಿಗಳನ್ನು ಒಂದೇ ಉಸಿರಿಗೆ ಹೇಳಿಬಿಟ್ಟರು. ಐವತ್ತು ವರ್ಷದ ಹಿಂದಿನ ನಂಬರು! ನನಗೆ ನನ್ನ ಆಫೀಸಿನ ಐಡಿ ನಂಬರು ನೋಡದೆ ಹೇಳಲು ಬರುವುದಿಲ್ಲ.

ಪುಟಪುಟವನ್ನೂ ಸ್ಕ್ಯಾನ್ ಮಾಡಿಕೊಂಡೆ. ಜಿಲ್ಲಾ ಸೈನಿಕ ಕಲ್ಯಾಣ ಕಚೇರಿಯ ಮೂಲಕ ಅರ್ಜಿ ಹೋಗಬೇಕು, ಆ ಓಡಾಟ ಕಾಕಾ ವಹಿಸಿಕೊಂಡರು.

ಹೊಲದಾಗ ಊಟ

ಸೋಮವಾರ, ಡಿಸೆಂಬರ್ 30, ಎಳ್ಳಮಾಸಿ. 2009ರಲ್ಲಿ ಯಾದಗಿರಿ ಜಿಲ್ಲೆಯಾದದ್ದೂ ಇದೇ ತಾರೀಖಿಗೆ. ಕಾಕಾನ ಹೊಲದಲ್ಲಿ ಸಂಘದವರೆಲ್ಲ ಸೇರಿದ್ದೆವು. ಐದು ಕಲ್ಲಿಟ್ಟು ಪಾಂಡವರ ಪೂಜೆ ಮಾಡಿ, ಜೋಳದ ಬೆಳೆಯ ನಡುವೆ ಚರಗ ಚೆಲ್ಲಿ ಊಟಕ್ಕೆ ಕೂತೆವು. ಸಜ್ಜಿ ರೊಟ್ಟಿ, ಭಜ್ಜಿ, ಬದ್ನಿಕಾಯಿ ಎಣ್ಣೆಗಾಯಿ, ಗುರೆಳ್ಳು ಚಟ್ನಿ, ಶೇಂಗಾ ಹೋಳಿಗಿ. ಹಿರಿಯರು ರಾಜಸ್ಥಾನದ ಬಿಸಿಲು, ಸಿಯಾಚಿನ್ ಚಳಿ, ಲಂಗರಿನ ದಾಲ್ ನೆನೆಸಿಕೊಂಡು ಹಿಂದಿ-ಕನ್ನಡ ಬೆರೆಸಿ ಮಾತಾಡುತ್ತಿದ್ದರು. ಅಪ್ಪ ಮನೆಯಲ್ಲಿ ಎಂದೂ ಹೇಳದ ಎರಡು ಕಥೆಗಳು ಅವತ್ತು ಅವರ ಬಾಯಲ್ಲಿ ಸಿಕ್ಕವು. ಬಡಿಸಿಕೊಂಡ ರೊಟ್ಟಿ ಕೈಯಲ್ಲೇ ಇತ್ತು, ಅವ್ವನೂ ನಾನೂ ಕೇಳುತ್ತಾ ಕೂತುಬಿಟ್ಟೆವು.

ಮಂಗಳವಾರ ಯಾದಗಿರಿ. ನಸುಕಿನಲ್ಲೇ ಮೈದಾನದಲ್ಲಿ ಅಗ್ನಿವೀರ್ ಆಗಬೇಕೆಂದು ಓಡುವ ಹುಡುಗರು, ಅವರಿಗೆ ಸೀಟಿ ಊದುವ ನಿವೃತ್ತ ಹವಾಲ್ದಾರ್ ಮಾಮಾ. 1.6 ಕಿಲೋಮೀಟರ್ ಓಟದಲ್ಲಿ ಅವರನ್ನು ತಿದ್ದಲು ನನಗೇನೂ ಬರುವುದಿಲ್ಲ. ಆದರೆ ಭರ್ತಿಯ ಮೊದಲ ಪರೀಕ್ಷೆ 2023ರಿಂದ ಕಂಪ್ಯೂಟರಿನಲ್ಲಿ ನಡೆಯುತ್ತದೆ. ಎಷ್ಟೋ ಹುಡುಗರು ಮೌಸ್ ಹಿಡಿದೇ ಇಲ್ಲ. ನನ್ನ ಲ್ಯಾಪ್‌ಟಾಪಿನಲ್ಲಿ ಸರದಿಯಂತೆ ಅಭ್ಯಾಸ ಮಾಡಿಸಿದೆ. ಒಬ್ಬ ಹುಡುಗ ಮಾಮಾನನ್ನು ಕೇಳಿದ: “ನಾಕ್ ವರ್ಷ ಆದ ಮ್ಯಾಲ ಏನ್ರೀ ಮಾಮಾ?” ನಾಲ್ಕರಲ್ಲಿ ಒಬ್ಬರನ್ನಷ್ಟೇ ಉಳಿಸಿಕೊಳ್ಳುತ್ತಾರೆ ಅನ್ನುವುದನ್ನು ಮಾಮಾ ಮುಚ್ಚಿಡಲಿಲ್ಲ. “ಡಿಗ್ರಿ ಬಿಡಬ್ಯಾಡ್ರಿ, ಕಟ್ಕೊಂಡೇ ಹೋಗ್ರಿ” ಅಂದರು. ಅವತ್ತು ರಾತ್ರಿ ಹೊಸ ವರ್ಷಕ್ಕೆ ನಾನು ರೈಲಿನ ಮೇಲಿನ ಬರ್ತಿನಲ್ಲಿದ್ದೆ.

ನಾನು ಮಾಡಿದ ತಪ್ಪು

ಇಲ್ಲಿಗೆ ನಿಲ್ಲಿಸಿದ್ದರೆ ಚೆಂದದ ಕಥೆಯಾಗುತ್ತಿತ್ತು. ಫೆಬ್ರುವರಿ ಮೊದಲ ವಾರ ಕಾಕಾನ ಫೋನ್. “ತಂಗಿ, ಆ ಮದುವಿ ಅಜ್ಜೀದು ರೊಕ್ಕ ಬಂದಿಲ್ಲ.”

ಸ್ಕ್ರೀನ್‌ಶಾಟ್ ತೆಗೆದು ನೋಡಿದೆ. ಪಿಂಚಣಿ ವಿತರಿಸುವವರು ಯಾರು ಅನ್ನುವ ಜಾಗದಲ್ಲಿ ‘ಸ್ಪರ್ಶ್’ ಆರಿಸಬೇಕಿತ್ತು. ಪಾಸ್‌ಬುಕ್ ಕೈಯಲ್ಲಿತ್ತಲ್ಲ, ನಾನು ಬ್ಯಾಂಕಿನ ಹೆಸರು ಆರಿಸಿದ್ದೆ. ಪ್ರಮಾಣ ಪತ್ರವೇನೋ ಆಗಿತ್ತು, ಆದರೆ ತಲುಪಬೇಕಾದ ಕಡೆಗೆ ತಲುಪಿರಲಿಲ್ಲ. ‘ಯಶಸ್ವಿ’ ಅಂತ ಬಂದದ್ದನ್ನೇ ನಂಬಿ ಎದ್ದಿದ್ದೆ. ನಾನು ಹೊಟ್ಟೆಪಾಡಿಗೆ ಮಾಡುವ ಕೆಲಸ ಸಾಫ್ಟ್‌ವೇರ್ ಟೆಸ್ಟಿಂಗ್!

ಅಜ್ಜಿ ಅಂಗಡಿಯಲ್ಲಿ ಉದ್ರಿ ಹೇಳಿದ್ದಳು. ಬಿಪಿ ಗುಳಿಗೆ ಮುಗಿದು ವಾರವಾಗಿತ್ತು, ಯಾರಿಗೂ ಹೇಳಿರಲಿಲ್ಲ. ಅದನ್ನು ಕೇಳಿ ನಾನು ಆಫೀಸಿನ ಮೆಟ್ಟಿಲ ಮೇಲೆ ಕೂತು ಅತ್ತೆ. ಕಾಕಾ, “ಫೌಜಿನಾಗ ತಪ್ಪಾದ್ರ ಮೊದಲ ರಿಪೋರ್ಟ್ ಮಾಡ್ತೀವಿ, ಆಮ್ಯಾಲ ಸರಿ ಮಾಡ್ತೀವಿ. ಅಳೂದು ಆಮ್ಯಾಲ” ಅಂದರು. ಅಜ್ಜಿಯ ಓಣಿಯಲ್ಲಿ ಪಿಯುಸಿ ಓದುವ ಹುಡುಗಿಯೊಬ್ಬಳು ಸಿಕ್ಕಳು. ವಿಡಿಯೋ ಕಾಲಿನಲ್ಲಿ ನಾನು ಹೇಳುತ್ತಾ ಹೋದೆ, ಅವಳು ಮಾಡುತ್ತಾ ಹೋದಳು. ಗುಳಿಗೆಗೆ ಅವತ್ತೇ ಹಣ ಕಳಿಸಿದೆ. ಉಳಿದ ಹದಿಮೂರು ಜನರದ್ದೂ ಒಂದೊಂದಾಗಿ ನೋಡಿದೆ, ಇನ್ನೊಂದು ತಪ್ಪು ಸಿಕ್ಕಿತು. ಫೆಬ್ರುವರಿ ಕೊನೆಗೆ ಅಜ್ಜಿಗೆ ಎರಡೂ ತಿಂಗಳದ್ದು ಸೇರಿ ಬಂತು.

ಆ ಹುಡುಗಿ ಈಗ ಅವಳ ಓಣಿಯ ಆರು ಮನೆಗಳದ್ದನ್ನು ತಾನೇ ಮಾಡುತ್ತಾಳೆ. ಈ ನವೆಂಬರಿನಲ್ಲಿ ನನಗೆ ಫೋನ್ ಬಂದದ್ದು ಒಂದೇ ಸಲ, ಅದೂ ಎಲ್ಲ ಮುಗಿಯಿತು ಅಂತ ಹೇಳಲು. ಕಾಲುವೆ ದಂಡೆಯ ಅಜ್ಜನ ಅರ್ಜಿ ಇನ್ನೂ ದಾರಿಯಲ್ಲಿದೆ, ಕಾಕಾ ಬೆನ್ನು ಬಿಟ್ಟಿಲ್ಲ.

ನೀವೂ ಊರಿಗೆ ಹೋಗುವವರಾದರೆ

• ಮೊದಲು ನಿಮ್ಮ ಮನೆ, ಪಕ್ಕದ ಮನೆ ನೋಡಿ. ಪಿಪಿಒ, ಆಧಾರ್, ಪಾಸ್‌ಬುಕ್ ಮೂರರಲ್ಲೂ ಹೆಸರು, ಹುಟ್ಟಿದ ದಿನಾಂಕ ಒಂದೇ ಇವೆಯೇ? ಇಲ್ಲದಿದ್ದರೆ ಬದುಕಿದ್ದಾಗಲೇ, ಗಂಡ-ಹೆಂಡತಿ ಇಬ್ಬರೂ ಇದ್ದಾಗಲೇ ಸರಿಪಡಿಸುವುದು ಸುಲಭ.

• ಜೀವನ ಪ್ರಮಾಣ ಮಾಡಿಕೊಟ್ಟರೆ, ಮುಂದಿನ ತಿಂಗಳು ಹಣ ಬಂತೇ ಅಂತ ಕೇಳುವವರೆಗೂ ಆ ಕೆಲಸ ಮುಗಿದಿಲ್ಲ ಅಂತ ತಿಳಿಯಿರಿ. ಯಾರ ಓಟಿಪಿ, ಪಾಸ್‌ವರ್ಡ್ ನಿಮ್ಮ ಮೊಬೈಲಿನಲ್ಲಿ ಉಳಿಸಿಕೊಳ್ಳಬೇಡಿ.

• ಡಿಸ್ಚಾರ್ಜ್ ಬುಕ್ ಸ್ಕ್ಯಾನ್ ಮಾಡಿ ಮಕ್ಕಳೆಲ್ಲರಿಗೂ ಕಳಿಸಿಡಿ. ಹುಳಕ್ಕೆ ಸೇನೆಯ ಕಾಗದ ಬೇರೆ, ಉಳಿದ ಕಾಗದ ಬೇರೆ ಅಂತಿಲ್ಲ.

• ಹೋಗಲಾಗದಿದ್ದರೆ ಧ್ವಜ ದಿನದ ನಿಧಿಗೆ ಕೇಂದ್ರೀಯ ಸೈನಿಕ ಮಂಡಳಿಯ ವೆಬ್‌ಸೈಟಿನಲ್ಲೇ ಹಣ ಕೊಡಬಹುದು, 80ಜಿ ತೆರಿಗೆ ವಿನಾಯಿತಿಯೂ ಇದೆ.

• ಮುಖ್ಯವಾಗಿ, ಊರಿನಲ್ಲೇ ಇರುವ ಒಬ್ಬರಿಗೆ ಕಲಿಸಿ ಬನ್ನಿ. ನಾವು ವರ್ಷಕ್ಕೆ ನಾಲ್ಕು ದಿನ ಬರುವವರು.

ಈ ಸಲವೂ ಟಿಕೆಟ್ ತೆಗೆದಿದ್ದೇನೆ. ಗೆಳತಿಯೊಬ್ಬಳು ಗೋಕರ್ಣ ಬಿಟ್ಟು ನನ್ನ ಜೊತೆ ಬರುತ್ತಿದ್ದಾಳೆ, ಅವಳಿಗೆ ಶೇಂಗಾ ಹೋಳಿಗಿಯ ಆಸೆ ತೋರಿಸಿದ್ದೇನೆ. ಅಜ್ಜಿ ಕಾಕಾನ ಫೋನಿನಿಂದ ಒಂದು ಮಾತು ಹೇಳಿ ಕಳಿಸಿದ್ದಾಳೆ: “ಆಕಿಗೆ ಹೇಳು, ಇನ್ನೂ ಮದುವಿ ಆಗಿಲ್ಲ ಅಂತ ಬರಕೋ ಅನ್ನು. ಈ ಸಲ ಸರಿಯಾಗಿ ಬರಕೋ ಅನ್ನು.”